ಎರಡು ಮಾತ್ರೆಗೂ ನಿಲ್ಲದ ಫಿಟ್ಸ್: ಅಲ್ಟ್ರಾಸೌಂಡ್ ಚಿಕಿತ್ಸೆ ಈಗಲೇ ಮಾಡಿಸಬಹುದೇ?

ನಿಮ್ಮ ತಮ್ಮನ ಫಿಟ್ಸ್‌ಗೆ ಅಲ್ಟ್ರಾಸೌಂಡ್ ಚಿಕಿತ್ಸೆ ಈಗಲೇ ಮಾಡಿಸಬಹುದೇ ಎಂದು ಕೇಳಿದ್ದೀರಿ. ಎರಡು ಬಗೆಯ ಮಾತ್ರೆ ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡರೂ ಅವನಿಗೆ ಫಿಟ್ಸ್ ನಿಂತಿಲ್ಲವೆಂದರೆ, ಅದು ಬಹುಶಃ ಔಷಧಿಗೆ ಬಗ್ಗದ ಮೂರ್ಛೆರೋಗವೇ. ಇದಕ್ಕೆ ಅಲ್ಟ್ರಾಸೌಂಡ್ ಚಿಕಿತ್ಸೆ (ಶಬ್ದದ ಅಲೆಗಳನ್ನು ಮಿದುಳಿನ ಒಂದು ಜಾಗಕ್ಕೆ ಗುರಿಯಿಟ್ಟು ಹಾಯಿಸುವುದು) ಇನ್ನೂ ಪ್ರಯೋಗದ ಹಂತದಲ್ಲಿದೆ. ಅದಕ್ಕಾಗಿ ಕಾಯುತ್ತಾ ಕೂರಬೇಡಿ.

ಮೊದಲು ಮೂರ್ಛೆರೋಗ ತಜ್ಞರ ಬಳಿ ವಿಡಿಯೋ ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ವಿಡಿಯೋ ಜೊತೆಗೇ ದಾಖಲಿಸುವ ಪರೀಕ್ಷೆ) ಮಾಡಿಸಿ. ಫಿಟ್ಸ್‌ನಂತೆ ಕಾಣುವುದೆಲ್ಲ ಫಿಟ್ಸ್ ಆಗಿರುವುದಿಲ್ಲ. ಮನೆಯಲ್ಲಿ ಬಂದಾಗ ಮೊಬೈಲ್‌ನಲ್ಲಿ ವಿಡಿಯೋ ಮಾಡಿಡಿ: ಮೊದಲು ಯಾವ ಕೈ ಸೆಟೆಯಿತು, ತಲೆ ಯಾವ ಕಡೆ ತಿರುಗಿತು ಎಂಬುದು ಕಾಣಬೇಕು. ನನ್ನ ಅಕ್ಕನ ವಿಷಯದಲ್ಲಿ ಡಾಕ್ಟರಿಗೆ ಇದೇ ಹೆಚ್ಚು ಸಹಾಯವಾಯಿತು. ಆಮೇಲೆ 3 ಟೆಸ್ಲಾ ಎಂಆರ್‌ಐ, ಅಂದರೆ ಹೆಚ್ಚು ಶಕ್ತಿಯ ಅಯಸ್ಕಾಂತದಿಂದ ಮಿದುಳಿನ ಸ್ಪಷ್ಟ ಚಿತ್ರ ತೆಗೆಯುವ ಸ್ಕ್ಯಾನ್ ಮಾಡಿಸಿ. ಫಿಟ್ಸ್ ಹುಟ್ಟುವ ಜಾಗ ಸಿಕ್ಕರೆ ಶಸ್ತ್ರಚಿಕಿತ್ಸೆ ಸಾಧ್ಯವೇ ಕೇಳಿ. ಆಗದಿದ್ದರೆ ಅಲ್ಟ್ರಾಸೌಂಡ್ ಪ್ರಯೋಗಕ್ಕೆ ಸೇರಿಸಿಕೊಳ್ಳುತ್ತಾರಾ ವಿಚಾರಿಸಿ. ಅಲ್ಲಿಯವರೆಗೆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಒಮ್ಮೆಲೇ ಬಿಟ್ಟರೆ ಬಿಡದೆ ಬರುವ ಫಿಟ್ಸ್ ಜೀವಕ್ಕೇ ಅಪಾಯ.