ಗಾಂಧಾರ ಬಿಟ್ಟು ನುಡಿಸಿ ನೋಡಿ

ಕೆಲಸ ಉಳಿಯುತ್ತೋ ಇಲ್ಲವೋ ಗೊತ್ತಿಲ್ಲ, ಮನೆಯಲ್ಲಿ ಕಾಯಿಲೆ, ಆದರೂ ಯೇಸುವಿನ ಮೇಲೆ ನಂಬಿಕೆ ಇದೆ, ಇಂಥ ಹೊತ್ತಲ್ಲಿ ಮಾತಿಲ್ಲದ ಪ್ರಾರ್ಥನೆಯಂಥ ಪಿಯಾನೋ ಸಂಗೀತ ಕಟ್ಟೋದು ಹೇಗೆ ಅಂತ ಕೇಳಿದ್ದೀರಿ.

ನಾನು ದೊಡ್ಡ ಸಂಗೀತಗಾರನಲ್ಲ. ಕಲಬುರಗಿಯಲ್ಲಿ ನಮ್ಮ ಸಭೆಯ ಆರಾಧನೆಗೆ ಕೀಬೋರ್ಡ್ ನುಡಿಸುತ್ತೇನೆ, ಅದಕ್ಕೂ ಮುಂಚೆ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತಿದ್ದೆ. ಆದರೆ ನೀವು ಹೇಳುವ ದಿಗಿಲು ಗೊತ್ತು. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ಅಂತ ಸುದ್ದಿಯಾದದ್ದು ನಮ್ಮೂರಿನದೇ. ಏಪ್ರಿಲ್ 10ಕ್ಕೆ ಶುಭ ಶುಕ್ರವಾರ ಬಂತು, ಚರ್ಚಿಗೆ ಬೀಗ. ಆ ಮಧ್ಯಾಹ್ನ ಮನೆಯಲ್ಲೇ 61 ಕೀಗಳ ಕೀಬೋರ್ಡ್ ಮುಂದೆ ಕೂತೆ.

ಮೊದಲು ಕಟ್ಟಿದ್ದು ಕೆಟ್ಟದಾಗಿತ್ತು. ಎಲ್ಲಾ ಮೇಜರ್ ಕಾರ್ಡ್, ಅಂದರೆ ಖುಷಿ ಅನ್ನಿಸೋ ಸ್ವರಗುಂಪುಗಳು, ಸಿಹಿಯೋ ಸಿಹಿ, ಬಂಗಾರದಂಗಡಿ ಜಾಹೀರಾತಿನ ಹಾಗೆ. ನನ್ನ ಹೆಂಡತಿ ಅಡುಗೆಮನೆಯಿಂದಲೇ, "ಎಲ್ಲಾ ಛಲೋ ಅದ ಅನ್ನೋರಂಗ ಬಾರಸ್ಲಿಕತ್ತೀರಲ್ರೀ" ಅಂದಳು. ಕೈ ತೆಗೆದೆ.

ಆಮೇಲೆ ಬೈಬಲ್ಲಿನ ಕೀರ್ತನೆ 13 ತೆಗೆದು ಓದಿದೆ. ಆರೇ ವಚನ. ಶುರುವಿನಲ್ಲೇ ದಾವೀದ ದೇವರನ್ನು "ಎಷ್ಟರವರೆಗೆ" ಅಂತ ನಾಲ್ಕು ಸಲ ಕೇಳುತ್ತಾನೆ. ಐದನೇ ವಚನಕ್ಕೆ ಬರುವಾಗ ನಿನ್ನ ಕೃಪೆಯನ್ನೇ ನಂಬಿದ್ದೇನೆ ಅನ್ನುತ್ತಾನೆ. ನಡುವೆ ಉತ್ತರ ಎಲ್ಲೂ ಬರೋದಿಲ್ಲ, ನೀವೇ ತೆಗೆದು ನೋಡಿ. ನನಗೆ ಸಂಗೀತದ ಅಚ್ಚು ಸಿಕ್ಕಿದ್ದು ಅಲ್ಲೇ.

ಹೇಗೆ ಅಂದರೆ, ಎಡಗೈಯಲ್ಲಿ ಡಿ ಮತ್ತು ಎ, ಅಷ್ಟೇ. ನಮ್ಮ ಲೆಕ್ಕದಲ್ಲಿ ಸಾ-ಪ, ತಂಬೂರಿ ಮೀಟಿದ ಹಾಗೆ. ಗಾಂಧಾರ, ಅಂದರೆ ಸರಿಗಮದ ಗ, ಮುಟ್ಟಬೇಡಿ. ಕೋಮಲ ಗ, ಅಂದರೆ ತಗ್ಗಿಸಿದ ಗ, ಬಂದರೆ ದುಃಖದ ಮೈನರ್, ಶುದ್ಧ ಗ ಬಂದರೆ ಸಿಹಿಯ ಮೇಜರ್, ಎರಡೂ ಇಲ್ಲದಿದ್ದರೆ ಇದು ದುಃಖವೋ ಸಮಾಧಾನವೋ ಅಂತ ಕಿವಿಗೆ ತಿಳಿಯೋದೇ ಇಲ್ಲ. ನಮ್ಮ ಸ್ಥಿತಿಯೂ ಅದೇ ಅಲ್ವಾ? ಬಲಗೈಯಲ್ಲಿ ಪ ಮ ರೆ ಮ, ನಾಲ್ಕೇ ಸ್ವರ. ಕೊನೆಯ ಮ ನೇತಾಡುತ್ತಾ ನಿಲ್ಲುತ್ತೆ, ಅದೇ ಪ್ರಶ್ನೆ. ಇದನ್ನು ನಾಲ್ಕು ಸಲ ನುಡಿಸಿ, ಪ್ರತಿ ಸಲ ಇನ್ನಷ್ಟು ಮೆತ್ತಗೆ, ಮಧ್ಯದ ಕಾಯುವಿಕೆ ಇನ್ನಷ್ಟು ಜಾಸ್ತಿ. ನಾಲ್ಕನೆಯದು ಪೂರ್ತಿ ಆರಿಹೋಗಲಿ. ಆಮೇಲೆ ಅದೇ ಮ ಇನ್ನೊಮ್ಮೆ, ಅಲ್ಲಿಂದ ಶುದ್ಧ ಗಾಂಧಾರಕ್ಕೆ, ಅಂದರೆ ಎಫ್ ಶಾರ್ಪ್‌ಗೆ, ಇಳಿಯಿರಿ. ಒಂದೇ ಸಲ. ಎರಡನೇ ಸಲ ನುಡಿಸಿದರೆ ಮತ್ತೆ ಬಂಗಾರದಂಗಡಿ.

ನನಗೆ ಕಷ್ಟವಾಗಿದ್ದು ಕಾಯೋದು. ಪೇಟಿಯಲ್ಲಿ ಗಾಳಿ ಇರೋ ತನಕ ಸ್ವರ ನಿಲ್ಲುತ್ತೆ. ಪಿಯಾನೋದಲ್ಲಿ ಕೀ ಒತ್ತಿದ ಕ್ಷಣದಿಂದಲೇ ಸ್ವರ ಸಾಯೋಕೆ ಶುರು, ಅದು ಕರಗುತ್ತಾ ಹೋದಂತೆ ಬೆರಳು ತಾನೇ ಏನಾದರೂ ತುಂಬಿಸೋಕೆ ಹೊರಡುತ್ತೆ. ತುಂಬಿಸಬೇಡಿ, ಸುಮ್ನೆ ಕೇಳಿ. ಕಾಲಲ್ಲಿ ಒತ್ತಿ ಸ್ವರ ಉಳಿಸೋ ಸಸ್ಟೇನ್ ಪೆಡಲ್ ಇದ್ದರೆ ಒಳ್ಳೇದು, ಆದರೆ ಸ್ವರಗುಂಪು ಬದಲಾದಾಗ ಕಾಲೆತ್ತಿ ಮತ್ತೆ ಒತ್ತಿ, ಇಲ್ಲಾಂದ್ರೆ ಹಳೇದು ಹೊಸದು ಕಲಸಿ ರಾಡಿಯಾಗುತ್ತೆ. ನಮ್ಮನೆ ಶಹಾಬಾದ್ ಕಲ್ಲಿನ ನೆಲದ ಮೇಲೆ ನನ್ನ ಪೆಡಲ್ ಜಾರಿ ಜಾರಿ ಗೋಡೆ ಮುಟ್ಟುತ್ತಿತ್ತು. ಕೆಳಗೆ ಗೋಣಿಚೀಲ ಮಡಚಿ ಹಾಕಿದ ಮೇಲೆ ನಿಂತಿತು.

ನಂಬಿಕೆ ಅಲುಗಾಡುವಾಗ ಇಂಥದ್ದು ರಚಿಸೋಕೆ ನನಗೆ ಯೋಗ್ಯತೆ ಇದೆಯಾ ಅಂತಲೂ ಕೇಳಿದ್ದೀರಿ. ಜರ್ಮನಿಯ ಸಂಗೀತ ರಚನಕಾರ ಬಾಖ್ ಹತ್ತು ವರ್ಷ ತುಂಬೋ ಮೊದಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡವನು. ಅವನ 20 ಮಕ್ಕಳಲ್ಲಿ ದೊಡ್ಡವರಾಗಿದ್ದು 10 ಮಂದಿ. ಅವನ ಎಷ್ಟೋ ಹಸ್ತಪ್ರತಿಗಳ ತಲೆಯಲ್ಲಿ ಜೆ.ಜೆ. ಅಂತ ಎರಡಕ್ಷರ ಇರುತ್ತೆ, ಯೇಸುವೇ ಸಹಾಯ ಮಾಡು ಅಂತ ಅದರ ಅರ್ಥ. ಅಷ್ಟು ಬರೆದು ಶುರು ಮಾಡಿ, ಸಾಕು.

ರೆಕಾರ್ಡಿಂಗಿಗೆ ಫೋನೇ ಆಗುತ್ತೆ. ಆದರೆ ಫ್ಯಾನ್ ಆಫ್ ಮಾಡಬೇಕು, ಯಾಕಂದ್ರೆ ಮೆತ್ತಗಿನ ಸ್ವರಗಳನ್ನೆಲ್ಲಾ ಅದೇ ನುಂಗುತ್ತೆ. ಏಪ್ರಿಲ್‌ನ ಕಲಬುರಗಿಯಲ್ಲಿ ನಾಲ್ಕು ನಿಮಿಷದ ಆ ಸಂಗೀತಕ್ಕೆ ಒಂಬತ್ತು ಸಲ ರೆಕಾರ್ಡ್ ಮಾಡಿದೆ. ಒಂಬತ್ತನೆಯದರಲ್ಲಿ ಕೊನೆಗೆ ನನ್ನ ಉಸಿರು ಬಿಟ್ಟ ಸದ್ದು ಕೇಳುತ್ತೆ, ಅದನ್ನು ತೆಗೆದಿಲ್ಲ.