‘ಸ್ಮೈಲ್’ ಅಂದರೆ ಮುಖ ಗಂಟು ಹಾಕುವ ಮಗಳು

ಓದುಗರ ಪ್ರಶ್ನೆ, ಉಡುಪಿಯ ಸ್ಟುಡಿಯೋದವರ ಉತ್ತರ

ಪ್ರಶ್ನೆ: ಸರ್, ನನ್ನ ಮಗಳಿಗೆ ನಾಲ್ಕು ವರ್ಷ. ಮಹಾ ಹಠಮಾರಿ. ಈ ಸಲ ಅಷ್ಟಮಿಗೆ ಮುದ್ದುಕೃಷ್ಣನ ವೇಷ ಹಾಕಿಸಿದ್ದೆವು. ಫೋಟೋ ತೆಗೆಯಲು ಫೋನ್ ಹಿಡಿದದ್ದೇ ತಡ, ಕಿರೀಟ ಕಿತ್ತು ಬಿಸಾಡಿದಳು. ‘ಸ್ಮೈಲ್ ಮಾಡು ಪುಟ್ಟಿ’ ಅಂದರೆ ಕಣ್ಣು ಮುಚ್ಚಿ ಹಲ್ಲು ಕಿರಿಯುತ್ತಾಳೆ, ಇಲ್ಲದಿದ್ದರೆ ಬೆನ್ನು ತಿರುಗಿಸುತ್ತಾಳೆ. ಫೋನ್ ಕೈಯಲ್ಲಿ ಇಲ್ಲದಾಗ ಮಾತ್ರ ಅವಳ ಮುಖ ನೋಡಬೇಕು ನೀವು! ಕೋಪ, ಜಂಬ, ಕಳ್ಳನಗು ಎಲ್ಲ ಬಂದು ಹೋಗುತ್ತದೆ. ಅದನ್ನು ಹಿಡಿಯುವುದು ಹೇಗೆ? ನನ್ನ ಹತ್ತಿರ ಮೊಬೈಲ್ ಇದೆ. ನಮ್ಮವರ ಹಳೇ ಡಿಎಸ್‌ಎಲ್‌ಆರ್, ಒಂದು 50 ಎಂಎಂ ಲೆನ್ಸ್ ಉಂಟು. ಅತ್ತೆಯವರು ಮನೆಯಲ್ಲೇ ಮಲ್ಲಿಗೆ ಕಟ್ಟುತ್ತಾರೆ, ಬೆಳಿಗ್ಗೆ ನನಗೂ ಪುರುಸೊತ್ತಿಲ್ಲ.
– ಒಬ್ಬ ಅಮ್ಮ, ಶಂಕರಪುರ

ಉತ್ತರ: ಕಿರೀಟ ಬಿಸಾಡಿದ ಆ ಗಳಿಗೆಯ ಫೋಟೋ ಇದೆಯಾ? ಇಲ್ಲ ಅಲ್ವಾ. ನಾನಾಗಿದ್ದರೆ ಅದನ್ನೇ ದೊಡ್ಡದು ಮಾಡಿಸಿ ಚಾವಡಿಯಲ್ಲಿ ತೂಗುಹಾಕುತ್ತಿದ್ದೆ. ಕೊಳಲು ಹಿಡಿದು ಕಾಲು ಅಡ್ಡ ಇಟ್ಟು ನಿಂತ ಕೃಷ್ಣ ಅಷ್ಟಮಿ ದಿನ ರಥಬೀದಿಯಲ್ಲಿ ಹೆಜ್ಜೆಗೊಬ್ಬ ಸಿಗುತ್ತಾನೆ. ಕಿರೀಟ ಬಿಸಾಡುವ ಕೃಷ್ಣ ಇರುವುದು ನಿಮ್ಮ ಮನೆಯಲ್ಲಿ ಮಾರಾಯ್ರೆ.

ಮಗುವಿನ ಫೋಟೋ ಅಂದರೆ ನಗುವ ಫೋಟೋ ಅಂತ ನಾನೂ ತುಂಬಾ ವರ್ಷ ನಂಬಿದ್ದವ. 1993ರಲ್ಲಿ ಒಂದು ಮನೆಗೆ ಬರ್ತ್‌ಡೇ ಫೋಟೋಕ್ಕೆ ಹೋಗಿದ್ದೆ. ಕೈಯಲ್ಲಿ ಪೆಂಟ್ಯಾಕ್ಸ್ ಕೆ1000, ಒಳಗೆ 36 ಫ್ರೇಮಿನ ಒಂದೇ ರೋಲ್. ಮೂರು ವರ್ಷದ ಹುಡುಗ. ಗಿಲಕಿ ಆಡಿಸಿದೆ, ಕೋತಿಯ ಹಾಗೆ ಕುಣಿದೆ, ತಲೆ ಮೇಲೆ ಬಾಳೆಹಣ್ಣು ಇಟ್ಟುಕೊಂಡೆ. ಮೂವತ್ತು ಫ್ರೇಮು ಹಾಗೇ ಖರ್ಚಾಯಿತು. ಅಪ್ಪ ಗದರಿದರು. ಹುಡುಗ ಕೈ ಎರಡೂ ಬೆನ್ನ ಹಿಂದೆ ಕಟ್ಟಿಕೊಂಡ, ತುಟಿ ಬಿಗಿದ, ನನ್ನನ್ನೇ ನೋಡಿದ. ‘ನೀನೇನು ಮಾಡ್ತಿ ನೋಡ್ತೇನೆ’ ಅನ್ನುವ ನೋಟ. ನನಗೂ ಸಿಟ್ಟು ಬಂದಿತ್ತು, ಸುಮ್ನೆ ಒಂದು ಒತ್ತಿದೆ. ರೋಲ್ ತೊಳೆದು ನೋಡಿದರೆ ಇಡೀ ರೋಲಲ್ಲಿ ಜೀವ ಇದ್ದದ್ದು ಅದೊಂದೇ ಫ್ರೇಮಿಗೆ. ಆದರೆ ಮನೆಯವರು ಬೈದಾರು ಅಂತ ಹೆದರಿ ಪ್ರಿಂಟ್ ಹಾಕಲಿಲ್ಲ. ಎರಡು ಮಳೆಗಾಲ ಕಳೆಯುವಾಗ ನೆಗೆಟಿವ್‌ಗೆ ಫಂಗಸ್ ಹಿಡಿದು ಹೋಯಿತು. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಮುನಿಸಿನ ಮುಖಕ್ಕೆ ಬೆಲೆ ಇಲ್ಲ ಅನ್ನುವವರಿಗೆ ನಾನು ಆಗಿನ ಬ್ರಿಟನ್ ಪ್ರಧಾನಿ ಚರ್ಚಿಲ್ ಕಥೆ ಹೇಳುವುದುಂಟು. 1941ರ ಡಿಸೆಂಬರಿನಲ್ಲಿ ಕೆನಡಾದ ಒಟ್ಟಾವಾದಲ್ಲಿ ಯೂಸುಫ್ ಕಾರ್ಶ್ ಅನ್ನುವ ಫೋಟೋಗ್ರಾಫರ್ ಚರ್ಚಿಲ್‌ನ ಫೋಟೋ ತೆಗೆಯಬೇಕಿತ್ತು. ಚರ್ಚಿಲ್ ಬಾಯಿಂದ ಸಿಗಾರ್ ತೆಗೆಯಲೇ ಇಲ್ಲ. ಕಾರ್ಶ್ ಹತ್ತಿರ ಹೋಗಿ ಅದನ್ನು ಕಿತ್ತುಕೊಂಡುಬಿಟ್ಟ! ಚರ್ಚಿಲ್ ಕೆರಳಿ ನೋಡಿದ, ಕಾರ್ಶ್ ಕ್ಲಿಕ್ಕಿಸಿದ. ಆಮೇಲೆ ನಗುವ ಫೋಟೋ ಕೂಡ ತೆಗೆದಿದ್ದ. ಜಗತ್ತು ನೆನಪಿಟ್ಟುಕೊಂಡದ್ದು ಮಾತ್ರ ಕೆರಳಿದ ಮುಖವನ್ನು. ಬ್ರಿಟನ್ನಿನ ಐದು ಪೌಂಡಿನ ನೋಟಿನಲ್ಲಿ ಇರುವುದೂ ಅದೇ. ಅಂದ ಹಾಗೆ, ಇದನ್ನು ಓದಿ ಮಗಳ ಕೈಯ ಚಾಕ್ಲೆಟ್ ಕಿತ್ತುಕೊಳ್ಳಬೇಡಿ. ಕಾರ್ಶ್ ಮಾಡಿದ್ದು ಒಂದು ದಿನದ ಕೆಲಸ. ನೀವು ದಿನಾ ಅವಳ ಜೊತೆ ಇರಬೇಕು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹಠಮಾರಿ ಮಕ್ಕಳಲ್ಲಿ ನಾನು ನೋಡಿದ ಒಂದು ಸಂಗತಿ ಉಂಟು. ಅವು ‘ಬೇಡ’ ಅಂತ ಕಿರುಚುವಾಗ ಎಲ್ಲರೂ ಕ್ಯಾಮೆರಾ ಎತ್ತುತ್ತಾರೆ. ಆ ಹೊತ್ತಿಗೆ ಸಿಗುವುದು ಬರೀ ಬಾಯಿ. ಫೋಟೋ ಇರುವುದು ಅದಾದ ಮೇಲಿನ ಒಂದೆರಡು ಸೆಕೆಂಡಲ್ಲಿ. ಕಿರುಚಿ ಆಯಿತು, ಕೈ ಕಟ್ಟಿ ಆಯಿತು, ಮುಖ ಗೋಡೆಗೆ ತಿರುಗಿತು. ಆಮೇಲೆ ಮೆಲ್ಲ ಓರೆಗಣ್ಣಲ್ಲಿ ಈಚೆ ನೋಡುತ್ತದೆ. ಅಮ್ಮ ಸೋತಳಾ, ಇನ್ನೂ ಇಲ್ಲವಾ ಅಂತ ಪರೀಕ್ಷೆ. ಹುಬ್ಬು ಇನ್ನೂ ಗಂಟಿನಲ್ಲೇ, ತುಟಿಯ ಒಂದು ಮೂಲೆ ಮಾತ್ರ ಸಡಿಲ. ಅರ್ಧ ಕೋಪ, ಅರ್ಧ ಗೆಲುವು. ಹಾಗಾಗಿ ಗಲಾಟೆ ಶುರುವಾದಾಗ ಒತ್ತಬೇಡಿ, ಕ್ಯಾಮೆರಾ ರೆಡಿ ಇಟ್ಟುಕೊಂಡು ಕಾಯಿರಿ. ಗಲಾಟೆ ಮುಗಿದ ಮೇಲೆ ಬೆರಳು ಎಚ್ಚರವಾಗಿರಲಿ.

ಇದಕ್ಕೆ ಅವಳಿಗೆ ಕ್ಯಾಮೆರಾದ ಅಳುಕು ಹೋಗಬೇಕು. ಒಂದು ವಾರ ಅದನ್ನು ಕಪಾಟಿನಿಂದ ಹೊರಗೆ, ಅವಳು ಓಡಾಡುವ ಕಡೆ ಮೇಜಿನ ಮೇಲೆ ಇಡಿ. ಪಟ್ಟಿ ಕುತ್ತಿಗೆಗೆ ಹಾಕಿಕೊಟ್ಟು ಅವಳಿಂದಲೇ ನಿಮ್ಮದೂ ಅಜ್ಜಿಯದೂ ಫೋಟೋ ತೆಗೆಸಿ. ತಲೆ ಕತ್ತರಿಸಿ ತೆಗೆಯುತ್ತಾಳೆ, ತೆಗೆಯಲಿ. ನಿಮ್ಮ ಬಾಯಿಂದ ‘ಸ್ಮೈಲ್’, ‘ಇಲ್ಲಿ ನೋಡು’, ‘ಒಂದೇ ಒಂದು’ ಮೂರೂ ಮಾತು ಬಂದ್. ಹೇಳಿದ್ದನ್ನು ಮಾಡದೇ ಇರುವುದೇ ಅವಳ ಸ್ವಭಾವ ಆದ ಮೇಲೆ ಹೇಳುವುದು ಯಾಕೆ?

ಆಮೇಲೆ ಅವಳ ಕೈಗೆ ಕೆಲಸ ಕೊಡಿ. ಬೇರೆಯವರಿಗಾದರೆ ಬಣ್ಣ ಕೊಡಿ, ಮಣ್ಣು ಕೊಡಿ ಅನ್ನುತ್ತಿದ್ದೆ. ನಿಮ್ಮಲ್ಲಿ ಮಲ್ಲಿಗೆಯೇ ಉಂಟಲ್ಲ! ಅಜ್ಜಿ ಚೆಂಡು ಕಟ್ಟುವಾಗ ಇವಳಿಗೂ ಒಂದು ಬಾಳೆನಾರು, ಒಂದು ಹಿಡಿ ಮೊಗ್ಗು ಕೊಟ್ಟು ಪಕ್ಕದಲ್ಲಿ ಕೂರಿಸಿ. ಒಂದು ಚೆಂಡಿಗೆ ಎಂಟುನೂರು ಹೂ. ಇವಳು ನಾಲ್ಕು ಕಟ್ಟುವುದರಲ್ಲಿ ನಾಲಿಗೆ ಹೊರಗೆ ಬಂದಿರುತ್ತದೆ, ಹುಬ್ಬು ಒಂದಾಗಿರುತ್ತದೆ. ಗಂಟು ಬಿಚ್ಚಿಹೋದರೆ ಕೆಳತುಟಿ ಮುಂದೆ ಬರುತ್ತದೆ, ಗಲ್ಲದಲ್ಲಿ ಸಣ್ಣ ಗುಳಿ ಏಳುತ್ತದೆ. ಅಜ್ಜಿ ಸಹಾಯಕ್ಕೆ ಕೈ ಚಾಚಿದರೆ ‘ನಾನೇ!’ ಅಂತ ದೂಡುತ್ತಾಳೆ. ಕಾಲು ಗಂಟೆಯಲ್ಲಿ ನಿಮಗೆ ಬೇಕಾದ ಅಷ್ಟೂ ಭಾವ ಬಂದು ಹೋಗಿರುತ್ತದೆ, ಮಾರುಕಟ್ಟೆಗೆ ಹೂ ಕಳಿಸುವ ಕೆಲಸವೂ ನಿಲ್ಲುವುದಿಲ್ಲ.

ಬೆಳಕಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಎಲ್ಲರೂ ಎಡವುವುದು ಅಲ್ಲೇ. ಜಗಲಿಯ ಅಂಚಿನಿಂದ ಎರಡಡಿ ಒಳಗೆ ಕೂರಿಸಿ. ಅವಳ ಮುಖ ಅಂಗಳದ ಕಡೆ ಅರ್ಧ ತಿರುಗಿರಲಿ. ಬಿಸಿಲು ಮೈಮೇಲೆ ಬೀಳಬಾರದು, ಬೆಳಕು ಬೀಳಬೇಕು. ಟ್ಯೂಬ್‌ಲೈಟ್ ಆರಿಸಿ. ಹಳೇ ಮನೆಯಾಗಿದ್ದು ಕೆಂಪು ಗಾರೆ ನೆಲ ಇದ್ದರೆ ಒಂದು ಎಚ್ಚರಿಕೆ. ಆ ಕೆಂಪು ಕೆಳಗಿನಿಂದ ಮುಖಕ್ಕೆ ಹೊಡೆಯುತ್ತದೆ. ಗಲ್ಲ, ಮೂಗಿನ ಅಡಿ ಎಲ್ಲ ಕುಂಕುಮ ಸವರಿದ ಹಾಗೆ ಕಾಣುತ್ತದೆ. ಎಷ್ಟೋ ಜನ ಕ್ಯಾಮೆರಾ ಹಾಳಾಗಿದೆ ಅಂತ ನನ್ನ ಅಂಗಡಿಗೆ ಬಂದಿದ್ದಾರೆ! ಅವಳ ಮುಂದೆ ನೆಲಕ್ಕೆ ಒಂದು ಬಿಳಿ ಪಂಚೆ ಹಾಸಿ, ಹೂವನ್ನು ಅದರ ಮೇಲೇ ಸುರಿಯಿರಿ. ಕೆಂಪೂ ಹೋಗುತ್ತದೆ, ಕಣ್ಣಿನ ಕೆಳಗಿನ ಕಪ್ಪು ನೆರಳೂ ತಿಳಿಯಾಗುತ್ತದೆ.

ನೀವೂ ನೆಲಕ್ಕೆ ಕೂರಬೇಕು. ನಿಂತು ತೆಗೆದರೆ ನೆತ್ತಿ ದೊಡ್ಡದು, ಗಲ್ಲ ಮಾಯ. ಲೆನ್ಸು ಅವಳ ಕಣ್ಣಿನ ಮಟ್ಟಕ್ಕೆ ಬರಲಿ. ನಿಮ್ಮದು ಸಣ್ಣ ಸೆನ್ಸರಿನ ಕ್ಯಾಮೆರಾ ಆಗಿದ್ದರೆ 50 ಎಂಎಂ ಅನ್ನುವುದು ಸುಮಾರು 75–80 ಎಂಎಂನ ಹಾಗೆ ಕೆಲಸ ಮಾಡುತ್ತದೆ, ಮುಖಕ್ಕೆ ಬಹಳ ಒಳ್ಳೆಯದು. ಆರೇಳು ಅಡಿ ದೂರ ಇದ್ದರೆ ಅವಳಿಗೂ ನೀವು ಮೈಮೇಲೆ ಬಿದ್ದ ಹಾಗೆ ಅನಿಸುವುದಿಲ್ಲ. ಶಟರ್ ವೇಗ 1/250 ಸೆಕೆಂಡಿಗಿಂತ ಕೆಳಗೆ ಇಳಿಸಬೇಡಿ, ಓಡಾಡುತ್ತಿದ್ದರೆ 1/500. ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, 1.8 ಇದೆ ಅಂತ 1.8ರಲ್ಲೇ ತೆಗೆಯುವ ಆಸೆ ಬೇಡ. ಒಂದು ಕಣ್ಣು ಸ್ಪಷ್ಟ, ಇನ್ನೊಂದು ಮಂಜು ಆಗುತ್ತದೆ. 2.8ರಿಂದ 4ರ ಒಳಗೆ ಇಡಿ, ಫೋಕಸ್ ಹತ್ತಿರದ ಕಣ್ಣಿನ ಮೇಲೆ ಇರಲಿ. ಬೆಳಕು ಸಾಲದಿದ್ದರೆ ಐಎಸ್‌ಒ, ಅಂದರೆ ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ, 1600ಕ್ಕೆ ಏರಿಸಿ. ಕಾಳುಕಾಳು ಬಂದರೂ ಅಡ್ಡಿಲ್ಲ, ಮುಖ ಅಲುಗಿದರೆ ಮಾತ್ರ ರಿಪೇರಿ ಇಲ್ಲ. ಹಳೇ ಡಿಎಸ್‌ಎಲ್‌ಆರ್ ‘ಟಕ್’ ಅಂತ ಜೋರಾಗಿ ಸದ್ದು ಮಾಡುತ್ತದೆ. ಸೈಲೆಂಟ್ ಅಥವಾ ಕ್ವಯಟ್ ಅಂತ ಮೋಡ್ ಇದ್ದರೆ ಹಾಕಿ.

ಮೊಬೈಲಲ್ಲಾದರೆ ತೀರಾ ಹತ್ತಿರ ಹೋಗಬೇಡಿ, ಮೂಗು ದೊಡ್ಡದಾಗುತ್ತದೆ. ಹಿಂದೆ ಸರಿದು 2ಎಕ್ಸ್ ಜೂಮ್ ಇಡಿ. ಪೋರ್ಟ್ರೇಟ್ ಮೋಡ್ ನನಗೆ ಇಷ್ಟ ಇಲ್ಲ. ಒತ್ತಿದ ಮೇಲೆ ಯೋಚನೆ ಮಾಡುತ್ತಾ ಕೂರುತ್ತದೆ, ಅಷ್ಟರಲ್ಲಿ ಓರೆಗಣ್ಣು ಮುಗಿದಿರುತ್ತದೆ. ಒಂದರ ಹಿಂದೆ ಒಂದು ಸಾಲಾಗಿ ತೆಗೆಯುವ ಬರ್ಸ್ಟ್ ಬಳಸಿ. ಬರ್ಸ್ಟ್ ರಗಳೆ ಅನಿಸಿದರೆ ಫೋನನ್ನು ಮಲ್ಲಿಗೆ ಬುಟ್ಟಿಗೆ ಒರಗಿಸಿ 4ಕೆ ವಿಡಿಯೋ ಇಟ್ಟು ನಿಮ್ಮ ಕೆಲಸ ನೋಡಿಕೊಳ್ಳಿ. ಅದರ ಒಂದು ಫ್ರೇಮು ಸುಮಾರು 8 ಮೆಗಾಪಿಕ್ಸೆಲ್. ಬೆಳಕು ಚೆನ್ನಾಗಿದ್ದರೆ 5×7 ಇಂಚಿನ ಪ್ರಿಂಟ್‌ಗೆ ಧಾರಾಳ ಸಾಕು. ಪುರುಸೊತ್ತಿಲ್ಲ ಅಂದಿರಲ್ಲ, ಅದಕ್ಕೆ ಹೇಳಿದೆ.

ಇಷ್ಟು ಮಾಡಿಯೂ ಅವಳು ‘ತೆಗೀಬೇಡ’ ಅಂದರೆ ಕೆಳಗೆ ಇಟ್ಟುಬಿಡಿ. ಕದ್ದು ತೆಗೆದು ಸಿಕ್ಕಿಬಿದ್ದರೆ ಮತ್ತೆ ಆರು ತಿಂಗಳು ಬೆನ್ನೇ ಗತಿ. ಅಳುವ ಫೋಟೋ ಫ್ಯಾಮಿಲಿ ಗ್ರೂಪಿಗೆ ಹಾಕುವುದು, ಬಂದ ನೆಂಟರ ಎದುರು ಫೋನ್ ಹಿಡಿದು ‘ನೋಡಿ ಇವಳ ಅವತಾರ’ ಅನ್ನುವುದು, ಇವೆರಡೂ ಬೇಡ. ನಾಲ್ಕು ವರ್ಷದವಳಿಗೂ ಮರ್ಯಾದೆ ಅಂತ ಒಂದು ಉಂಟು.

ಪ್ರಶ್ನೆ: ಮಂಗಳೂರು ದಸರಾಕ್ಕೆ ಹುಲಿವೇಷ ನೋಡಲು ಕರೆದುಕೊಂಡು ಹೋದರೆ ಮೂರು ವರ್ಷದ ಮಗ ತಾಸೆ ವಾದ್ಯದ ಸದ್ದಿಗೇ ಅಳುತ್ತಾನೆ. ಅವನನ್ನು ಹುಲಿಯ ಪಕ್ಕ ನಿಲ್ಲಿಸಿ ಒಂದು ಒಳ್ಳೆಯ ಫೋಟೋ ತೆಗೆಯುವ ಆಸೆ. ಫ್ಲ್ಯಾಶ್ ಬೇಕಾ?
– ಒಬ್ಬ ಅಪ್ಪ, ಮಂಗಳೂರು

ಉತ್ತರ: ಫ್ಲ್ಯಾಶೂ ಬೇಡ, ಪಕ್ಕ ನಿಲ್ಲಿಸುವುದೂ ಬೇಡ. ಹಠ ಬೇರೆ, ಹೆದರಿಕೆ ಬೇರೆ. ಹೆದರಿದ ಮಗುವಿನ ಎದುರು ಕ್ಯಾಮೆರಾ ಹಿಡಿಯುವುದು ನನಗೆ ಆಗದ ಕೆಲಸ. ಮುಂದಿನ ವರ್ಷ ಬಣ್ಣ ಹಚ್ಚುವ ಕಡೆಗೇ ಕರೆದುಕೊಂಡು ಹೋಗಿ. ಅರ್ಧ ಹುಲಿ, ಅರ್ಧ ಮನುಷ್ಯ ಕೈ ಅಗಲಿಸಿ ಬಣ್ಣ ಒಣಗಿಸುತ್ತಾ ಚಾ ಕುಡಿಯುವುದನ್ನು ಅವನು ನೋಡಲಿ. ಕುಣಿತದ ದಿನ ಮನೆಯವರೊಬ್ಬರ ಹೆಗಲ ಮೇಲೆ ಕೂರಿಸಿ ದೂರ ನಿಲ್ಲಿ. ಎಲ್ಲರೂ ಹುಲಿಯ ಕಡೆ ಕ್ಯಾಮೆರಾ ಹಿಡಿದಾಗ ನೀವು ಅವನ ಕಡೆ ಹಿಡಿಯಿರಿ. ತಾಸೆ ನಿಂತ ಕೂಡಲೇ ಕಿವಿ ಮುಚ್ಚಿದ ಕೈ ಸಡಿಲಾಗುತ್ತದೆ, ಬೆರಳ ಸಂದಿಯಲ್ಲಿ ಒಂದು ಕಣ್ಣು ಕಾಣುತ್ತದೆ. ಅದನ್ನು ತೆಗೆಯಿರಿ.

ಪ್ರಶ್ನೆ: ಮಳೆಗಾಲದಲ್ಲಿ ಲೆನ್ಸಿನ ಒಳಗೆ ಜೇಡರ ಬಲೆಯ ಹಾಗೆ ಬಂದಿದೆ. ಬಟ್ಟೆಯಲ್ಲಿ ಒರೆಸಿದರೂ ಹೋಗುವುದಿಲ್ಲ.
– ಕಾಲೇಜು ಹುಡುಗ, ಕಾಪು

ಉತ್ತರ: ಫಂಗಸ್ ಅದು. ಒಳಗೆ ಬೆಳೆದದ್ದು ಹೊರಗೆ ಒರೆಸಿದರೆ ಎಂತಕ್ಕೆ ಹೋಗುತ್ತದೆ? ತಡ ಮಾಡಿದರೆ ಗಾಜಿನ ಮೇಲಿನ ಕೋಟಿಂಗ್ ತಿನ್ನುತ್ತದೆ. ಬೇಗ ರಿಪೇರಿಯವರಿಗೆ ಕೊಟ್ಟು ಬಿಚ್ಚಿಸಿ ಕ್ಲೀನ್ ಮಾಡಿಸಿ. ಚರ್ಮದ ಕೇಸಲ್ಲಿ ಇಡಬೇಡಿ. ಗಾಳಿ ಆಡದ ಹಾಗೆ ಮುಚ್ಚುವ ಪ್ಲಾಸ್ಟಿಕ್ ಡಬ್ಬಿ, ಒಳಗೆ ನೀಲಿ ಸಿಲಿಕಾ ಜೆಲ್ ಸಾಕು. ತೇವ ಹೀರಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಿಸಿ ಮಾಡಿ ಮತ್ತೆ ಬಳಸಬಹುದು. ಮನೆಯ ಬಾಣಲೆ ಅದಕ್ಕೆ ಬೇಡ, ಅಮ್ಮನ ಕೈಯಲ್ಲಿ ಬೈಗುಳ ತಿಂದೀರಿ. ಹಳೇ ಡಬ್ಬಿ ಮುಚ್ಚಳ ಒಂದು ಬೇರೆಯೇ ಇಟ್ಟುಕೊಳ್ಳಿ.