ಸಭೆಯಲ್ಲಿ ನಿಮ್ಮ ಸಲಹೆಯನ್ನು ಯಾರೂ ಕೇಳುತ್ತಿಲ್ಲವೇ?

ಪ್ರಶ್ನೆ: ಸಭೆಗಳಲ್ಲಿ ನಾನು ಕೊಡುವ ಸಲಹೆಯನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅದನ್ನೇ ಹಿರಿಯರೊಬ್ಬರು ಹೇಳಿದರೆ ಎಲ್ಲರೂ ತಲೆದೂಗುತ್ತಾರೆ. ನಾನೇನು ಮಾಡಬೇಕು?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ಹೆಸರಿನಲ್ಲಿ ಪದೇ ಪದೇ ಬರುತ್ತಿರುವುದರಿಂದ ಈ ಸಲ ವಿವರವಾಗಿಯೇ ಉತ್ತರಿಸುತ್ತೇನೆ. ತೀರ್ಮಾನಗಳು ಬಹುಮಟ್ಟಿಗೆ ಸಭೆಗೆ ಮೊದಲೇ ಆಗಿರುತ್ತವೆ. ಸಭೆಯಲ್ಲಿ ಅವಕ್ಕೆ ಮೊಹರು ಬೀಳುತ್ತದೆ, ಅಷ್ಟೆ. ಆದ್ದರಿಂದ ನಿಮ್ಮ ವಿಷಯದಲ್ಲಿ ಮಂಜೂರಾತಿ ಕೊಡುವವರು ಯಾರೆಂದು ತಿಳಿದುಕೊಂಡು, ಎರಡು ಮೂರು ದಿನ ಮುಂಚೆ ಅವರಿಗೆ ಅರ್ಧ ಪುಟದ ಟಿಪ್ಪಣಿ ಕಳುಹಿಸಿ. 'ವರದಿ ವ್ಯವಸ್ಥೆ ಸುಧಾರಿಸಬೇಕು' ಎಂದು ಬರೆದರೆ ಅದು ಗೊಣಗಾಟವೆನಿಸುತ್ತದೆ. 'ಒಂದೇ ಅಂಕಿಅಂಶವನ್ನು ತಿಂಗಳ ಕೊನೆಯಲ್ಲಿ ಎರಡು ಕಡತಗಳಲ್ಲಿ ತುಂಬುತ್ತಿದ್ದೇವೆ. ಇದಕ್ಕೆ ಇಬ್ಬರ ಒಂದೊಂದು ದಿನ ಹೋಗುತ್ತದೆ. ಎರಡನೆಯ ಕಡತವನ್ನು ಯಾರೂ ತೆರೆಯುವುದಿಲ್ಲ. ಮುಂದಿನ ತಿಂಗಳು ಅದನ್ನು ನಿಲ್ಲಿಸಿ ನೋಡೋಣ, ತೊಂದರೆಯಾದರೆ ತುಂಬಿಕೊಡುವ ಹೊಣೆ ನನ್ನದು' ಎಂದು ಬರೆದು ನೋಡಿ. ಒಪ್ಪುವವರಿಗೆ ನಷ್ಟದ ಭಯವಿರುವುದಿಲ್ಲ, ಒಪ್ಪದವರು ಕಾರಣ ಕೊಡಬೇಕಾಗುತ್ತದೆ.

ಟಿಪ್ಪಣಿ ಕಳುಹಿಸಿ ಒಂಟಿಯಾಗಿ ಸಭೆಗೆ ಹೋಗಿ ಕೂರಬೇಡಿ. 1950ರ ದಶಕದಲ್ಲಿ ಮನೋವಿಜ್ಞಾನಿ ಸಾಲೊಮನ್ ಆಶ್ ಗೆರೆಗಳ ಉದ್ದವನ್ನು ಹೋಲಿಸುವ ಪ್ರಯೋಗ ನಡೆಸಿದಾಗ, ಮೊದಲೇ ಮಾತಾಡಿಕೊಂಡಿದ್ದ ಗುಂಪು ಒಕ್ಕೊರಲಿನಿಂದ ತಪ್ಪು ಉತ್ತರ ಹೇಳಿದರೆ, ಏನೂ ಅರಿಯದೆ ಬಂದವರು ಹೆಚ್ಚುಕಡಿಮೆ ಮೂರು ಸಲಕ್ಕೊಮ್ಮೆ ಕಣ್ಣೆದುರಿನ ಸತ್ಯವನ್ನು ಬಿಟ್ಟು ಅದಕ್ಕೇ ದನಿಗೂಡಿಸಿದರು; ಸರಿಯುತ್ತರ ಹೇಳುವ ಒಬ್ಬರೇ ಒಬ್ಬರು ಜೊತೆಗಿದ್ದಾಗ ಈ ಪ್ರಮಾಣ ಮೊದಲಿನ ಕಾಲು ಭಾಗಕ್ಕೆ ಇಳಿಯಿತು. ನಿಮ್ಮ ಸಭೆಯ ಮೌನಿಗಳಲ್ಲಿಯೂ ಅನೇಕರು ಇಂಥ ಒಬ್ಬರಿಗಾಗಿ ಕಾಯುತ್ತಿರಬಹುದು. ಆ ಎರಡನೆಯ ಕಡತವನ್ನು ತುಂಬಿ ಬೇಸತ್ತ ಸಹೋದ್ಯೋಗಿಯನ್ನು ಮೊದಲೇ ಕಂಡು, 'ಹೌದು, ನನಗೂ ಒಂದು ದಿನ ಹೋಗುತ್ತದೆ' ಎಂದಷ್ಟೇ ಹೇಳಲು ಕೇಳಿಕೊಳ್ಳಿ. ಆಮೇಲೂ ಹಿರಿಯರು ಸಲಹೆಯನ್ನು ತಮ್ಮದೆಂಬಂತೆ ಮಂಡಿಸಿದರೆ ಜಗಳಕ್ಕಿಳಿಯದೆ, ಅದನ್ನು ಜಾರಿಗೊಳಿಸುವ ಕೆಲಸವನ್ನು ಕೇಳಿ ಪಡೆದು, ನಡಾವಳಿಯಲ್ಲಿ ನಿಮ್ಮ ಹೆಸರು ಬರೆಸಿ.

ಪ್ರಶ್ನೆ: ಮಾತುಗಾರಿಕೆಯ ಶಿಬಿರ ಸೇರಿದರೆ ಪ್ರಭಾವ ಹೆಚ್ಚುವುದೇ?

ಉತ್ತರ: ಶಿಬಿರ ನಡೆಸುವವರ ಆದಾಯ ಹೆಚ್ಚುತ್ತದೆ. ಕನ್ನಡಿಯ ಮುಂದೆ ಎದೆಯುಬ್ಬಿಸಿ ನಿಲ್ಲಿಸಿ ಶುಲ್ಕ ಪಡೆಯುವ ಈ ಮಹಾಶಯರಿಗೆ ನಿಮ್ಮ ಕಚೇರಿಯ ಕೆಲಸದ ಗಂಧಗಾಳಿಯೂ ಇರುವುದಿಲ್ಲ.

ಪ್ರಶ್ನೆ: ಮೇಲಧಿಕಾರಿಗಳಿಗೆ ಹೆಸರಿಲ್ಲದ ಪತ್ರ ಬರೆಯಬಹುದೇ?

ಉತ್ತರ: ಸಲಹೆಗಾದರೆ ಬೇಡ, ವಿಷಯವನ್ನು ಬಿಟ್ಟು ಬರೆದವರ ಹುಡುಕಾಟ ಶುರುವಾಗುತ್ತದೆ. ವಂಚನೆ, ಕಿರುಕುಳಗಳ ಮಾತು ಬೇರೆ.

ಪ್ರಶ್ನೆ: ಕೆಲಸದ ಅವಧಿಯ ಬಗ್ಗೆ ನಾನೊಬ್ಬನೇ ದನಿಯೆತ್ತಿದರೆ ಗುರಿಯಾಗುತ್ತೇನೆಂಬ ಭಯವಿದೆ.

ಉತ್ತರ: ಭಯ ಸಕಾರಣವೇ. ಎಲ್ಲರಿಗೂ ಸಂಬಂಧಿಸಿದ್ದನ್ನು ಎಲ್ಲರೂ ಸೇರಿಯೇ ಕೇಳಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1948ರ 87ನೆಯ ಒಡಂಬಡಿಕೆ ಸಂಘ ಕಟ್ಟುವ ಹಕ್ಕನ್ನೂ 1949ರ 98ನೆಯ ಒಡಂಬಡಿಕೆ ಸಾಮೂಹಿಕ ಚೌಕಾಸಿಯ ಹಕ್ಕನ್ನೂ ಎತ್ತಿಹಿಡಿದಿವೆ. ಆದರೆ ಎಲ್ಲ ದೇಶಗಳೂ ಇವನ್ನು ಅಂಗೀಕರಿಸಿಲ್ಲವಾದ್ದರಿಂದ, ಸಹಿ ಸಂಗ್ರಹಕ್ಕೆ ಇಳಿಯುವ ಮುನ್ನ ನಿಮ್ಮಲ್ಲಿನ ಕಾರ್ಮಿಕ ಕಾನೂನು ಬಲ್ಲ ವಕೀಲರಿಗೆ ನೇಮಕಾತಿ ಪತ್ರವನ್ನು ತೋರಿಸಿ.